ಕೆಂಪು ನೆರಳಿನ ಬೋರ್ಡು

ಶನಿವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಗಿರವಿ ಅಂಗಡಿಯ ಗುಮಾಸ್ತ ಕನ್ನಡಕ ಹಣೆಗೇರಿಸಿ ಹೇಳಿದ: "ನಿಮ್ಮ ಸರ ನಿನ್ನೆ ಹರಾಜಾಗೋಯ್ತಲ್ಲಮ್ಮ."

ಕಟಕಟೆಯ ಈಚೆ ನಿಂತಿದ್ದವಳು ಬಟ್ಟೆ ಅಂಗಡಿಯೊಂದರಲ್ಲಿ ಆಲ್ಟರೇಶನ್ ಕೆಲಸ ಮಾಡುವವಳು. ಮ್ಯಾನೇಜರ್ ಹತ್ತಿರ ಒಂದು ಗಂಟೆಯ ಅನುಮತಿ ಪಡೆದು ಬಂದಿದ್ದಳು. ಅವಸರದಲ್ಲಿ ಅಳತೆ ಟೇಪನ್ನು ಕೊರಳಿಂದ ತೆಗೆಯುವುದನ್ನೂ ಮರೆತಿದ್ದಳು. ಕೈಚೀಲದಲ್ಲಿ ಅಸಲಿನ ಹಣ ಪೂರ್ತಿ ಇತ್ತು. ಬಡ್ಡಿಯನ್ನು ಹೋದ ವಾರವೇ ಗಂಡ ಕಟ್ಟಿ ಬಂದಿದ್ದಾನೆ ಎಂದು ಅವಳು ನಂಬಿದ್ದಳು.

"ಬೇರೆ ಯಾರದ್ದೋ ಇರ್ಬೇಕು, ಸರಿಯಾಗಿ ನೋಡಿ."

"ಎರಡೆಳೆ ಸರ. ಕೊಂಡಿ ಹತ್ರ ಬೆಸುಗೆ ಹಾಕಿರೋದು. ನಿಮ್ದೇ ತಾನೆ?"

"ನಮ್ದೇ. ಆದ್ರೆ ನಾವು ಬಡ್ಡಿ ಕಟ್ಟಿದೀವಿ."

"ಯಾರು ಕಟ್ಟಿದ್ದು?"

"ನಮ್ಮ ಯಜಮಾನ್ರು."

ಗುಮಾಸ್ತ ಕನ್ನಡಕವನ್ನು ಮೂಗಿಗಿಳಿಸಿಕೊಂಡು ಲೆಕ್ಕದ ಪುಸ್ತಕವನ್ನು ಇನ್ನೊಮ್ಮೆ ನೋಡಿದ. "ಇಲ್ಲಮ್ಮ. ಕಟ್ಟಿಲ್ಲ."

ಆ ಸರ ಅವಳೊಬ್ಬಳದೇ ಆಗಿದ್ದರೆ ಅಲ್ಲೇ ನಾಲ್ಕು ಮಾತು ಅಂದು, ಮನೆಗೆ ಹೋಗಿ ನಲವತ್ತು ಮಾತು ಅಂದು ಮುಗಿಸುತ್ತಿದ್ದಳೇನೋ. ಆದರೆ ಅದು ಇಬ್ಬರ ಸರ. ಅಮ್ಮನಿಗೆ ಇದ್ದದ್ದು ಒಂದೇ ಸರ, ಇಬ್ಬರು ಹೆಣ್ಣುಮಕ್ಕಳು. ತುಂಡು ಮಾಡಿ ಹಂಚಲು ಅಮ್ಮ ಒಪ್ಪಲಿಲ್ಲ. ಒಂದು ವರ್ಷ ಅಕ್ಕನ ಕೊರಳಲ್ಲಿರಲಿ, ಮುಂದಿನ ವರ್ಷ ತಂಗಿಯ ಕೊರಳಲ್ಲಿರಲಿ ಎಂದು ಹೇಳಿ ಕಣ್ಣುಮುಚ್ಚಿದಳು. ಅಂದಿನಿಂದ ಅಕ್ಕತಂಗಿಯರು ಆ ಪಾಳಿ ತಪ್ಪಿಸಿರಲಿಲ್ಲ. ಅಕ್ಕನಾದ ಇವಳ ಪಾಳಿ ಇವತ್ತಿಗೆ ಮುಗಿಯುತ್ತಿತ್ತು. ನಾಳೆ ಭಾನುವಾರ, ಸರ ಕೊಂಡೊಯ್ಯಲು ತಂಗಿ ಬರುವವಳಿದ್ದಳು.

ಅಡವಿಟ್ಟ ಸಂಗತಿ ತಂಗಿಗೆ ಗೊತ್ತಿರಲಿಲ್ಲ. "ಸರ ಯಾಕೆ ಹಾಕ್ಕೊಳ್ಳಲ್ಲ ಅಕ್ಕಾ?" ಎಂದು ನಡುವೆ ಒಮ್ಮೆ ಕೇಳಿದ್ದಳು. "ಹೊಲಿಗೆ ಮೆಷಿನ್‌ಗೆ ಸಿಕ್ಕಿಹಾಕ್ಕೊಳ್ಳುತ್ತೆ ಕಣೆ" ಎಂದು ಇವಳು ಸಲೀಸಾಗಿ ಸುಳ್ಳು ಹೇಳಿದ್ದಳು.

"ಒಂದು ಮಾತು ತಿಳಿಸಬಾರ್ದಾ ನೀವು?" ಅವಳ ದನಿ ಏರಿತು. "ಹೇಳದೆ ಕೇಳದೆ ಮಾರಿಬಿಡೋದಾ?"

"ನೋಟೀಸ್ ಕಳಿಸಿದ್ವಿ. ಮನೆಯಲ್ಲಿ ಯಾರೂ ಇಲ್ಲ ಅಂತ ವಾಪಸ್ ಬಂತು. ಮನೆ ಬದಲಾಯಿಸಿದ್ದು ನಮಗೆ ಹೇಳಿದ್ರಾ?"

ಹೇಳಿರಲಿಲ್ಲ.

"ಇಂಥವ್ರಿಗೆ ಅಂತಾನೇ ಬಾಗಿಲಲ್ಲಿ ಬೋರ್ಡ್ ಹಾಕಿಸಿದ್ವಿ. ಓದೋದು ಬಿಡಿ..." ಗುಮಾಸ್ತ ಮಾತು ನುಂಗಿಕೊಂಡ. ಆಮೇಲೆ ತಡೆಯಲಾಗದೆ ಹೇಳಿಯೇಬಿಟ್ಟ: "ಅದನ್ನ ಬರೆದೋರೇ ನಿಮ್ಮ ಯಜಮಾನ್ರು."

ಅವಳು ಹೊರಗೆ ಬಂದಳು. ಒಳಗೆ ಹೋಗುವಾಗ ಬೋರ್ಡಿನ ಪಕ್ಕದಲ್ಲೇ ನುಗ್ಗಿಕೊಂಡು ಹೋಗಿದ್ದಳು, ಕಣ್ಣೆತ್ತಿ ನೋಡಿರಲಿಲ್ಲ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ, ಪ್ರತಿ ಅಕ್ಷರದ ಬಲಕ್ಕೆ ಕೂದಲೆಳೆಯಷ್ಟು ಕೆಂಪು ನೆರಳು. ಊರಿನಲ್ಲಿ ಆ ನೆರಳು ಹಾಕುವವನು ಒಬ್ಬನೇ. ಆರು ತಿಂಗಳು ತುಂಬಿಯೂ ಬಡ್ಡಿ ಕಟ್ಟದ ಒಡವೆಗಳನ್ನು ಶುಕ್ರವಾರ ಹರಾಜು ಹಾಕಲಾಗುವುದು ಎಂದು ಬೋರ್ಡು ಹೇಳುತ್ತಿತ್ತು. ತಾರೀಕೂ ಇತ್ತು. 'ಹರಾಜು' ಎಂಬ ಪದ ಮಿಕ್ಕವುಗಳ ಎರಡರಷ್ಟು ದೊಡ್ಡದಿತ್ತು. ಬಸ್ಸಿನಲ್ಲಿ ಹೋಗುವವರಿಗೂ ಕಾಣುವ ಹಾಗೆ ಬರೆದಿದ್ದ ಪುಣ್ಯಾತ್ಮ.

ಅವಳು ಬಿರಬಿರನೆ ರಸ್ತೆ ದಾಟಿದಳು.

ಪುಣ್ಯಾತ್ಮ ಎರಡು ರಸ್ತೆಯಾಚೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಏಣಿ ಮೇಲೆ ನಿಂತು ಬೋರ್ಡು ಬರೆಯುತ್ತಿದ್ದ. ಓಣಿಯವರೆಲ್ಲ ಅವನನ್ನು ಆರ್ಟಿಸ್ಟ್ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ. ಎಲ್ಲರೂ ಕಂಪ್ಯೂಟರಿನಲ್ಲಿ ಬೋರ್ಡು ಮಾಡಿಸತೊಡಗಿದಾಗ ಅವನೂ ಸ್ಟಿಕ್ಕರ್ ಕತ್ತರಿಸುವ ಯಂತ್ರ ಕೊಂಡಿದ್ದ. ಸರ ಗಿರವಿ ಅಂಗಡಿ ಸೇರಿದ್ದು ಅದಕ್ಕಾಗಿಯೇ. ಯಂತ್ರದ ಅಕ್ಷರಕ್ಕೆ ಜೀವವಿಲ್ಲ ಎಂಬುದು ಮೂರನೇ ವಾರಕ್ಕೆ ಅವನಿಗೆ ಹೊಳೆಯಿತು. ಅಂದಿನಿಂದ ಅದು ಮಂಚದ ಪಕ್ಕ ಹಳೆಯ ದುಪ್ಪಟಿ ಹೊದ್ದು ಮಲಗಿತ್ತು. ಅದರ ಮೇಲೆ ಒಗೆದ ಬಟ್ಟೆ ಮಡಿಚಿಡುತ್ತಿದ್ದರು.

"ರೀ, ಕೆಳಗಿಳೀರಿ."

"ಬಂದೆ ಇರು. ಈ ದವಡೆ ಹಲ್ಲೊಂದು ಮುಗಿಸಿಬಿಡ್ತೀನಿ."

"ನಿಮ್ಮ ಹಲ್ಲು ಉಳೀಬೇಕು ಅಂದ್ರೆ ಈಗ ಇಳೀರಿ."

ಅವನು ಇಳಿದ. ಕಿವಿ ಸಂದಿಯಲ್ಲಿ ಒಂದು ಬ್ರಷ್, ಬಾಯಲ್ಲಿ ಇನ್ನೊಂದು.

"ಬಡ್ಡಿ ದುಡ್ಡು ಎಲ್ಲಿ?"

"ಹೂಂ?"

"ಆ ಬ್ರಷ್ ತೆಗೆದು ಮಾತಾಡಿ! ಅವತ್ತೂ ಹಿಂಗೇ ಹೂಂ ಅಂದ್ರಿ. ಕಟ್ಟಿದ್ರಾ ಅಂದ್ರೆ ಹೂಂ, ರಸೀದಿ ಕೊಟ್ರಾ ಅಂದ್ರೆ ಹೂಂ."

ಅವನು ಬ್ರಷ್ ತೆಗೆದ. ಮುಖದಲ್ಲಿ ನಿಧಾನವಾಗಿ ಏನೋ ಜ್ಞಾಪಕ ಬರತೊಡಗಿತು. ಬಣ್ಣದ ಪೆಟ್ಟಿಗೆಯ ಮುಂದೆ ಕೂತು ಟರ್ಪೆಂಟೈನ್ ಬಾಟಲಿ, ಹಳೆ ಬನಿಯನ್ನಿನ ಚಿಂದಿ, ಅಡಿಕೋಲು ಒಂದೊಂದಾಗಿ ಹೊರಗಿಟ್ಟ. ಎಲ್ಲಕ್ಕಿಂತ ಕೆಳಗೆ ಅವಳು ಕೊಟ್ಟಿದ್ದ ಕವರು ಇತ್ತು. ಒಂದು ಮೂಲೆಗೆ ಹಳದಿ ಬಣ್ಣ ಅಂಟಿತ್ತು. ದುಡ್ಡು ಹಾಗೇ ಇತ್ತು.

"ಕೊಡೋಣ ಅಂತಾನೇ ತಗೊಂಡು ಹೋಗಿದ್ದೆ ಕಣೆ. ಬೋರ್ಡ್ ಮುಗಿಸಿ ಇಳಿಯೋ ಹೊತ್ತಿಗೆ ಗುಮಾಸ್ತ ಊಟಕ್ಕೆ ಹೋಗಿದ್ದ. ನಾಳೆ ಕೊಟ್ಟರಾಯ್ತು ಅಂತ..."

"ಹಂಗಾದ್ರೆ ಬೋರ್ಡ್ ಬರೆಯೋವಾಗ ದುಡ್ಡು ನಿಮ್ಮ ಹತ್ರಾನೇ ಇತ್ತು."

"ಇತ್ತು."

"ಏಣಿ ಕೆಳಗೆ."

"ಪೆಟ್ಟಿಗೇಲಿ."

"ಬೋರ್ಡಲ್ಲಿ ಏನು ಬರೆದ್ರಿ ಅಂತ ಗೊತ್ತಿತ್ತಾ ನಿಮಗೆ?"

ಅವನು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಯೋಚಿಸಿದ. "ಬರೆಯೋವಾಗ ಯಾರಾದ್ರೂ ಓದ್ತಾರೇನೆ? ಅಕ್ಷರ ಅಕ್ಷರದ ನಡುವಿನ ಜಾಗ ನೋಡಬೇಕು. ಓದೋಕೆ ಹೋದ್ರೆ ಸಾಲು ಸೊಟ್ಟಗಾಗುತ್ತೆ. ಆ 'ಹ' ನೋಡಿದ್ಯಾ? ಎಷ್ಟು ಚೆನ್ನಾಗಿ ಕೂತಿದೆ..."

"ನೋಡಿದೆ. ನನ್ನ ತಲೆ ಮೇಲೆ ಕೂತಿದೆ. ಸರ ನಿನ್ನೆ ಹರಾಜಾಯ್ತು."

ಆಗ ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಅರ್ಧ ಬರೆದ ದವಡೆ ಹಲ್ಲಿನಿಂದ ಬಿಳಿ ಬಣ್ಣ ತೊಟ್ಟಿಕ್ಕುತ್ತಿತ್ತು. ಕ್ಲಿನಿಕ್ಕಿನ ಒಳಗಿಂದ ಯಾರೋ ಕಿಟಕಿ ತೆರೆದು ನೋಡಿ ಮುಚ್ಚಿಕೊಂಡರು.

ಇಬ್ಬರೂ ಗಿರವಿ ಅಂಗಡಿಗೆ ಮರಳಿದರು. ಗುಮಾಸ್ತ ಆರ್ಟಿಸ್ಟನ ಮುಖ ನೋಡಲಿಲ್ಲ, ಅವಳ ಕಡೆಗೇ ಮಾತಾಡಿದ. ಸರ ಕೊಂಡವನು ಹಿಂದಿನ ಗಲ್ಲಿಯ ಅಕ್ಕಸಾಲಿಗ, ನಿನ್ನೆ ಬಂದ ಒಡವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವನೇ ಎತ್ತಿದ್ದ. ಸಾಲ, ಬಡ್ಡಿ ಕಳೆದು ಮಿಕ್ಕದ್ದು ಅವಳಿಗೆ ಸೇರುತ್ತದೆ, ಸೋಮವಾರ ಬಂದು ಸಹಿ ಹಾಕಿ ಒಯ್ಯಬೇಕು. "ಬೇಗ ಹೋಗಿ ನೋಡಿ. ಇನ್ನೂ ಒಲೆಗೆ ಹಾಕಿರದಿದ್ರೆ ನಿಮ್ಮ ಅದೃಷ್ಟ."

ಅವಳು ಓಡಿದಳು ಎನ್ನಬೇಕು. ಟೇಪಿನ ತುದಿ ಬೆನ್ನಿಗೆ ಬಡಿಯುತ್ತಿತ್ತು. ಹಿಂದೆ ಅವನು, ಬಣ್ಣದ ಪೆಟ್ಟಿಗೆ ಗಡಗಡ ಸದ್ದು ಮಾಡುತ್ತ.

ಅಕ್ಕಸಾಲಿಗನ ಕೋಣೆ ಒಂದು ಮಂಚ ಹಿಡಿಸುವಷ್ಟಿತ್ತು. ವಯಸ್ಸಾದವನು, ಒಳ್ಳೆಯವನೂ ಹೌದು. ಸರದ ಗುರುತು ಹೇಳಿದ ಕೂಡಲೇ ತಲೆಯಾಡಿಸಿದ. ಬೆಸುಗೆ ಹಾಕಿದ ಕೊಂಡಿ ಅವನಿಗೆ ನೆನಪಿತ್ತು, ಬೆಸುಗೆ ಚೆನ್ನಾಗಿರಲಿಲ್ಲ ಎಂದೂ ಹೇಳಿದ. ಆಮೇಲೆ ಡ್ರಾಯರ್ ಎಳೆದು ಬೆರಳುದ್ದದ ಒಂದು ಚಿನ್ನದ ಗಟ್ಟಿ ತೆಗೆದು ಬಟ್ಟೆಯ ಮೇಲಿಟ್ಟ.

"ಬೆಳಿಗ್ಗೆ ಎಂಟಕ್ಕೇ ಕರಗಿಸಿಬಿಟ್ಟೆ ತಾಯಿ. ಇದರಲ್ಲೆಲ್ಲೋ ಇದೆ ನೋಡಿ."

ಅವಳು ನೋಡಿದಳು. ಎಷ್ಟು ಜನರ ಬಳೆ, ಓಲೆ, ಉಂಗುರ ಅದರೊಳಗಿತ್ತೋ. ಅಮ್ಮನ ಸರ ಯಾವ ಮೂಲೆಯಲ್ಲಿತ್ತೋ. ಬೆರಳಿನಿಂದ ಮುಟ್ಟಿದಳು. ತಣ್ಣಗಿತ್ತು.

"ಹೊಳಪು ಚೆನ್ನಾಗಿ ಬಂದಿದೆ," ಎಂದ ಆರ್ಟಿಸ್ಟ್.

ಅಕ್ಕಸಾಲಿಗ ಕೂಡ ಅವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. ಹೆಂಡತಿ ಗಟ್ಟಿಯಿಂದ ಬೆರಳು ತೆಗೆದು ಹೊರಟಳು. ಬೀದಿಯಲ್ಲಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

"ಬೈದುಬಿಡೇ," ಎಂದ.

"ಬೈದ್ರೆ ಏನು ಬರುತ್ತೆ? ನಿಮಗೆ ಬೈಯೋದೂ ಒಂದೇ, ಆ ಏಣಿಗೆ ಬೈಯೋದೂ ಒಂದೇ. ಮೆಷಿನ್ ಮಾರ್ತೀರಿ, ಇವತ್ತೇ ಯಾರಿಗಾದ್ರೂ ಹೇಳಿ. ಅದರ ದುಡ್ಡು, ಸೋಮವಾರ ಬರೋದು, ನನ್ನ ಕೈಲಿರೋದು ಎಲ್ಲ ಸೇರಿಸಿ ತಂಗಿಗೊಂದು ಸರ ಮಾಡಿಸಿಕೊಡೋಣ. ಪಾಳಿಗೀಳಿ ಏನೂ ಬೇಡ, ಅವಳ ಹತ್ರಾನೇ ಇರ್ಲಿ."

"ಅಮ್ಮನ ಸರ ಆಗಲ್ವಲ್ಲ ಅದು."

"ಆಗಲ್ಲ. ಅದು ನಂಗೂ ಗೊತ್ತು." ಅವಳು ನಿಂತಳು. "ಆದ್ರೆ ನಾಳೆ ಅವಳಿಗೆ ಹೇಳೋದು ನಾನಲ್ಲ. ನೀವು."

"ನಾನಾ? ನನಗೆ ಮಾತು ಬರಲ್ಲ ಅಂತ ನಿನಗೇ ಗೊತ್ತು."

"ಬರೆದಿಟ್ಕೊಳ್ಳಿ. ಬೇಕಾದ್ರೆ ಕೆಂಪು ನೆರಳೂ ಹಾಕಿ. ಬರೆದ ಮೇಲೆ ಒಂದು ಸಲ ಓದಿ ಅಷ್ಟೆ."

ಅವಳು ಬಟ್ಟೆ ಅಂಗಡಿಗೆ ಹೊರಟಳು. ಹೇಳಿದ್ದಕ್ಕಿಂತ ನಲವತ್ತು ನಿಮಿಷ ತಡವಾಗಿತ್ತು, ಮ್ಯಾನೇಜರ್ ಅರ್ಧ ದಿನದ ಸಂಬಳ ಹಿಡಿದ. ಆರ್ಟಿಸ್ಟ್ ಕ್ಲಿನಿಕ್ಕಿಗೆ ಮರಳಿ, ತೊಟ್ಟಿಕ್ಕಿದ ಬಣ್ಣವನ್ನು ಚಿಂದಿಯಿಂದ ಒರೆಸಿ, ಏಣಿ ಹತ್ತಿ ದವಡೆ ಹಲ್ಲು ಮುಗಿಸಿದ. ಡಾಕ್ಟರ ಹೆಸರಿನ ಸಾಲು ಸ್ವಲ್ಪ ಸೊಟ್ಟಗಾಯಿತು.

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ತಂಗಿ ಬಂದು ಬಾಗಿಲು ತಟ್ಟಿದಳು. ತೆರೆಯಲು ಅವನೇ ಎದ್ದು ಹೋದ.