ತಂದೆ: ಈಗ ಇಲ್ಲ

ನಮ್ಮ ಹೈಸ್ಕೂಲಿಗೆ ತಿಂಗಳಿಗೊಮ್ಮೆ ಬರುವ ಟ್ರಸ್ಟಿನ ಕಾರ್ಯದರ್ಶಿಗೆ ನಾವಿಟ್ಟ ಹೆಸರು ಮೇಲೆತ್ತೋ ಸಾರ್. ಬಡ ಮಕ್ಕಳನ್ನು ಮೇಲೆತ್ತಬೇಕು, ಕಾಲೇಜಿನ ತನಕ ಎತ್ತಬೇಕು ಎನ್ನದೆ ಅವರು ಒಂದು ಲೋಟ ನೀರು ಕುಡಿದವರಲ್ಲ. ಮಾತಿನಲ್ಲಿ ಎತ್ತಿದ ಕೈ. ಅವರ ಪುಟ್ಟ ಬ್ಯಾಗನ್ನು ಮಹಡಿಯ ಮೇಲಿನ ಆಫೀಸಿಗೆ ಎತ್ತಿ ತರುವುದು ಮಾತ್ರ ಜವಾನನ ಕೆಲಸ.

ನಾನು ಆ ಆಫೀಸಿನ ಟೈಪಿಸ್ಟ್. ಮಕ್ಕಳ ಅರ್ಜಿ ಓದಿ ಅವರು ಶಿಫಾರಸು ಪತ್ರ ಹೇಳುತ್ತಾರೆ, ನಾನು ಹೊಡೆಯುತ್ತೇನೆ. ಆ ಪತ್ರ ಹೋದರೆ ಕಾಲೇಜಿನಲ್ಲಿ ಸೀಟು, ಎರಡು ವರ್ಷದ ಫೀಸು. ಹೋಗದಿದ್ದರೆ ಎರಡೂ ಇಲ್ಲ. ಓದುತ್ತಾರೆ ಎಂದೆನಲ್ಲ, ತಪ್ಪಾಯಿತು. ಕಣ್ಣೀರು ಬರಿಸುವಂಥದ್ದು ಏನಾದರೂ ಸಿಕ್ಕೀತೇ ಎಂದು ತಡಕುತ್ತಾರೆ.

ಈ ಸಲ ಲೆಕ್ಕದಲ್ಲಿ ಇಡೀ ಶಾಲೆಗೆ ಮೊದಲು ಬಂದ ಹುಡುಗಿಯ ಅರ್ಜಿಯಿತ್ತು. ಅವಳಪ್ಪ ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಸಾವಿರಾರು ಜನರನ್ನು ನಿಜವಾಗಿಯೂ ಮೇಲೆತ್ತಿದ ಮನುಷ್ಯ, ಒಂದು ದಿನವೂ ಆ ಬಗ್ಗೆ ಭಾಷಣ ಬಿಗಿದವರಲ್ಲ. ಕಂಪನಿ ಮುಚ್ಚಿ ಕೆಲಸ ಹೋಗಿತ್ತು. ಟ್ರಸ್ಟಿನ ಅರ್ಜಿಯಲ್ಲಿ 'ತಂದೆ' ಎಂದು ದಪ್ಪಕ್ಷರ, ಅದರ ಕೆಳಗೆ ಇರುವೆಯಷ್ಟು ಸಣ್ಣದಾಗಿ 'ಉದ್ಯೋಗ'. ಅದರ ಮುಂದೆ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು: ಈಗ ಇಲ್ಲ.

"ಅಯ್ಯೋ ಪಾಪ, ತಂದೆ ಹೋಗ್ಬಿಟ್ಟಿದ್ದಾರೆ!" ಎಂದರು ಮೇಲೆತ್ತೋ ಸಾರ್. ಮುಖದಲ್ಲಿ ಲಾಟರಿ ಹೊಡೆದವರ ಕಳೆ.

"ಸಾರ್, ಅದು ಹಾಗಲ್ಲ, ಅವರ..."

"ನೀವು ಟೈಪ್ ಮಾಡಿಮ್ಮ."

ನಾನು ಹೊಡೆದೆ: 'ಎಳೆಯ ವಯಸ್ಸಿನಲ್ಲೇ ತಂದೆಯ ನೆರಳನ್ನು ಕಳೆದುಕೊಂಡ ಈ ಬಾಲೆ...' ಆ ತಂದೆ ಅವತ್ತು ಬೆಳಿಗ್ಗೆಯಷ್ಟೇ ಮಗಳನ್ನು ಗೇಟಿನ ತನಕ ಬಿಟ್ಟು, ನನಗೆ ನಮಸ್ಕಾರ ಹೇಳಿ ಹೋಗಿದ್ದರು. ನನ್ನ ಮೇಲೂ ನನಗೆ ಅಸಹ್ಯವಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಸೀಟು ಸಿಕ್ಕಿತು. ದಾನಿಗಳನ್ನು ಕರೆಸಿ ಶಾಲೆಯ ಹಾಲಿನಲ್ಲಿ ಒಂದು ಸಮಾರಂಭವೂ ಆಯಿತು. ಹುಡುಗಿ ವೇದಿಕೆಯ ಮೇಲೆ, ಅವಳಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಎರಡನೇ ಸಾಲಿನಲ್ಲಿ. "ತಂದೆಯಿಲ್ಲದ ಈ ಹೆಣ್ಣುಮಗಳು..." ಎಂದು ಮೇಲೆತ್ತೋ ಸಾರ್ ಮೈಕಿನಲ್ಲಿ ಗದ್ಗದರಾದಾಗ ಆ ಅಪ್ಪನಿಗೂ ಪಾಪ ಅನ್ನಿಸಿತೋ ಏನೋ, ಯಾವ ಹುಡುಗಿ ಎಂದು ಅತ್ತಿತ್ತ ನೋಡಿದರು. ಆಮೇಲೆ ಅರ್ಥವಾಯಿತು. ಮಗಳು ಮುಖ ಕೆಂಪಾಗಿ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಅಪ್ಪ ಬೇಡ ಎಂಬಂತೆ ತಲೆಯಾಡಿಸಿ, ಕೂತ್ಕೋ ಎಂದು ಕೈಸನ್ನೆ ಮಾಡಿದರು.

ಚಹಾದ ಹೊತ್ತಿಗೆ ದಾನಿಗಳಲ್ಲಿ ಒಬ್ಬ ಹೆಂಗಸು ಅವರನ್ನು ಕೇಳಿದರು, "ನೀವು ಹುಡುಗಿಗೆ ಏನಾಗ್ಬೇಕು?"

ಅವರು ಮಗಳ ಕಡೆ ನೋಡಲಿಲ್ಲ. "ಪಕ್ಕದ ಮನೆಯವನು ಮೇಡಂ," ಎಂದರು. "ಅವಳಪ್ಪ ಒಳ್ಳೆ ಕೆಲಸಗಾರ ಆಗಿದ್ದ," ಎಂದೂ ಸೇರಿಸಿದರು.

ನಾನು ಚಹಾದ ಲೋಟವನ್ನು ಹಾಗೇ ಕೆಳಗಿಟ್ಟೆ. ಮಗಳೂ ಆ ಮಾತು ಕೇಳಿಸಿಕೊಂಡಿದ್ದಳು.

ಮರುವಾರ ಅವಳು ಕಾಲೇಜಿನ ಪ್ರವೇಶದ ಹಾಳೆ ತಂದಳು. ನಾನು ಟೈಪ್ ಮಾಡಬೇಕು, ಕಾರ್ಯದರ್ಶಿ ಸಹಿ ಹಾಕಬೇಕು. ಅಲ್ಲೂ ಅದೇ ಪ್ರಶ್ನೆ: ತಂದೆ, ಉದ್ಯೋಗ.

"ಏನಂತ ಹೊಡೀಲಿ?"

"ಇದ್ದಾರೆ ಅಂತ ಹೊಡೀರಿ ಅಕ್ಕ."

"ಕೇಳಿರೋದು ಉದ್ಯೋಗ ಕಣೇ."

"ಗೊತ್ತು. ಇದ್ದಾರೆ ಅಂತಾನೇ ಹೊಡೀರಿ."

"ಆ ಸಾರ್ ಕಣ್ಣಿಗೆ ಬಿದ್ರೆ ಸೀಟು ಹೋಗುತ್ತೆ."

"ಹೋಗ್ಲಿ. ಅವತ್ತಿಂದ ಅಪ್ಪ ನನ್ನ ಮುಖ ನೋಡಿ ಮಾತಾಡ್ತಿಲ್ಲ."

ನಾನು ಹೊಡೆದೆ. ದಪ್ಪಕ್ಷರದಲ್ಲೇ ಹೊಡೆದೆ.

ಮೇಲೆತ್ತೋ ಸಾರ್ ಬಂದು ಕೂತರು. ನಾನು ಹಾಳೆ ಮುಂದಿಟ್ಟೆ. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವರು ಪೆನ್ನಿನ ಮುಚ್ಚಳ ತೆಗೆದು, ಹಾಳೆಯ ಮೇಲೆ ಕಣ್ಣನ್ನೂ ಹಾಯಿಸದೆ, 'ಇದ್ದಾರೆ' ಎಂಬುದರ ಕೆಳಗೆ ಒಂದು ಬೆರಳಿನ ಅಂತರದಲ್ಲಿ ಸಹಿ ಗೀಚಿದರು. "ತಂದೆಯಿಲ್ಲದ ಮಗು," ಎಂದು ನಿಟ್ಟುಸಿರು ಬಿಟ್ಟರು, "ನಾವಲ್ದೆ ಇನ್ಯಾರಿದ್ದಾರೆ ಅವಳಿಗೆ?"

ಹುಡುಗಿ ಹಾಳೆಯನ್ನು ಕಿತ್ತುಕೊಂಡವಳಂತೆ ತೆಗೆದುಕೊಂಡು ಮೆಟ್ಟಿಲಿಳಿದು ಓಡಿದಳು. ಕಿಟಕಿಯಿಂದ ಗೇಟು ಕಾಣುತ್ತದೆ. ಅಲ್ಲಿ ಕಾದಿದ್ದ ಅಪ್ಪನ ಮುಂದೆ ಅವಳು ಹಾಳೆ ಹಿಡಿದು, ಆ ಒಂದು ಪದದ ಮೇಲೆ ಬೆರಳಿಟ್ಟಳು. ಅವರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ತಲೆಯೆತ್ತಿ ಮಗಳ ಮುಖವನ್ನೇ ನೋಡುತ್ತ ನಿಂತುಬಿಟ್ಟರು.

ಮೇಲೆತ್ತೋ ಸಾರ್ ಕೂಡ ಕಿಟಕಿಗೆ ಬಂದರು. "ಯಾರಮ್ಮ ಅದು, ಆ ಮನುಷ್ಯ?"

"ಇಲ್ಲದವರು ಸಾರ್," ಎಂದೆ.

"ಪಾಪ," ಎಂದರು.