ಹತ್ತು ನಿಮಿಷ ಮುಂಚಿನ ಗಂಟೆ

“ಈಗ ಹೊಡೀರಿ,” ಎಂದು ಸ್ಟೇಷನ್ ಮಾಸ್ಟರ್ ಮೇಡಂ ಕಿಟಕಿಯಿಂದಲೇ ಹೇಳಿದರು.

ಗಂಟೆಯಣ್ಣ ಸುತ್ತಿಗೆ ಎತ್ತಿ, ಕಂಬಕ್ಕೆ ತೂಗುಹಾಕಿದ್ದ ಹಳಿಯ ತುಂಡಿಗೆ ಬಾರಿಸಿದ. ಅವನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಬೆಳಗಿನ ಗಂಟೆ ನಿಯಮದ ಹೊತ್ತಿಗೆ ಹೊಡೆದದ್ದು ಇದೇ ಮೊದಲು. ಊರಿನ ಲೆಕ್ಕದಲ್ಲಿ ಅದು ಹತ್ತು ನಿಮಿಷ ತಡ.

ನಿಯಮವೇನೋ ಹಾಗೇ ಇತ್ತು: ರೈಲು ಹಿಂದಿನ ನಿಲ್ದಾಣ ಬಿಟ್ಟಾಗ ಗಂಟೆ ಹೊಡೆಯಬೇಕು. ಅಲ್ಲಿಂದ ಇಲ್ಲಿಗೆ ರೈಲಿಗೆ ಹತ್ತು ನಿಮಿಷ. ಊರಿನಿಂದ ನಿಲ್ದಾಣಕ್ಕೆ ಎಷ್ಟು ಬಿರಬಿರನೆ ನಡೆದರೂ ಹದಿನೈದು. ಈ ನಿಯಮ ಮಾಡಿದ ಪುಣ್ಯಾತ್ಮನಿಗೆ ಕಾಲಿನ ಬದಲು ಚಕ್ರವಿತ್ತೋ ಏನೋ! ಅದಕ್ಕೇ ಗಂಟೆಯಣ್ಣ, ರೈಲು ಅದಕ್ಕೂ ಹಿಂದಿನ ನಿಲ್ದಾಣ ಬಿಟ್ಟ ಸುದ್ದಿ ಫೋನಿನಲ್ಲಿ ಬಂದ ಕೂಡಲೇ ಬಾರಿಸಿಬಿಡುತ್ತಿದ್ದ. ಬಂದುಹೋದ ಮಾಸ್ತರರೆಲ್ಲ ಕಂಡೂ ಕಾಣದಂತೆ ಇದ್ದರು. ರೈಲು ಒಂದು ದಿನವೂ ಹೇಳಿದ ಹೊತ್ತಿಗೆ ಬರದಿದ್ದರೂ ಗಂಟೆ ಮಾತ್ರ ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಊರಿನವರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು. ಗಂಟೆ ಕೇಳಿದ ಮೇಲೆ ಚಪ್ಪಲಿ ಮೆಟ್ಟಿದರೆ ಸಾಕಾಗುತ್ತಿತ್ತು.

ಹೊಸ ಮೇಡಂ ಬಂದು ಹದಿನೈದು ದಿನವಾಗಿತ್ತಷ್ಟೆ. “ನೀವು ಗಂಟೆ ಹೊಡೆದ ತಕ್ಷಣ ಆ ಕಡೆ ರಸ್ತೆಗೆ ರೈಲ್ವೆ ಗೇಟ್ ಹಾಕ್ತಾರೆ. ಮೊನ್ನೆ ಹೆರಿಗೆ ನೋವಿನ ಹೆಂಗಸು ಇಪ್ಪತ್ತು ನಿಮಿಷ ಗಾಡಿಯಲ್ಲೇ ನರಳ್ತಾ ಇದ್ದಳಂತೆ. ಸೋಮವಾರದಿಂದ ನಿಯಮದ ಪ್ರಕಾರನೇ ಹೊಡೀರಿ. ಊರಿಗೆಲ್ಲ ಮೊದಲೇ ಹೇಳಿಬಿಡಿ,” ಎಂದಿದ್ದರು.

ಮಾತು ಸರಿಯಾಗೇ ಇತ್ತು. ಆದರೂ ಗಂಟೆಯಣ್ಣನಿಗೆ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳು ನನಗೆ ಗಂಟೆ ಹೊಡೆಯುವುದನ್ನು ಕಲಿಸುತ್ತಾಳಲ್ಲ! ಅವನು ಊರಿನಲ್ಲಿ ಒಂದು ನರಪಿಳ್ಳೆಗೂ ಹೇಳಲಿಲ್ಲ. ಶನಿವಾರ ಮೇಡಂ ಕೇಳಿದಾಗ, “ಹೂಂ, ಎಲ್ಲರಿಗೂ ಹೇಳಿದೀನಿ,” ಎಂದುಬಿಟ್ಟ. ಸೋಮವಾರ ಎಲ್ಲರಿಗೂ ರೈಲು ತಪ್ಪಲಿ, ಬಂದು ಇವಳನ್ನು ತರಾಟೆಗೆ ತೆಗೆದುಕೊಳ್ಳಲಿ, ಆಮೇಲೆ ಇವಳೇ ಬಂದು ‘ನಿಮ್ಮ ಗಂಟೇನೇ ಸರಿ’ ಅನ್ನುತ್ತಾಳೆ. ಇದು ಅವನ ಹಂಚಿಕೆ.

ರೈಲು ಬಂದು ನಿಂತಿತು. ದೂರದ ಹೊಲದ ದಾರಿಯಲ್ಲಿ ಏಳೆಂಟು ಜನ ಎದ್ದೆವೋ ಬಿದ್ದೆವೋ ಎಂದು ಓಡಿಬರುತ್ತಿದ್ದರು. ಗಂಟೆಯಣ್ಣ ಮೀಸೆಯಡಿಯಲ್ಲೇ ನಕ್ಕ. ಆಮೇಲೆ ಎಲ್ಲರಿಗಿಂತ ಹಿಂದೆ, ಚೀಲವನ್ನು ಎದೆಗೆ ಅವಚಿಕೊಂಡು ಓಡುತ್ತಿದ್ದವಳ ಗುರುತು ಹತ್ತಿತು. ಅವನ ತಂಗಿ!

ಗಂಡ ಸತ್ತ ಮೇಲೆ ಪಟ್ಟಣದ ಆಸ್ಪತ್ರೆಯ ಅಡುಗೆಮನೆ ಕೆಲಸಕ್ಕಾಗಿ ಅವಳು ಎರಡು ವರ್ಷದಿಂದ ಅಲೆಯುತ್ತಿದ್ದಳು. ಇವತ್ತು ಬರಲು ಹೇಳಿ ಕರೆ ಬಂದಿರಬೇಕು. ಅವನು ಕಿಟಕಿಯತ್ತ ಓಡಿದ.

“ಮೇಡಂ, ಒಂದೇ ಒಂದು ನಿಮಿಷ!”

“ಎರಡು ನಿಮಿಷ ಹೆಚ್ಚಿಗೇನೇ ನಿಲ್ಲಿಸಿದೀನಿ. ಎದುರಿನಿಂದ ಬರೋ ರೈಲು ಕಾಯ್ತಾ ಇದೆ. ಬಾವುಟ ತೋರಿಸಿ.”

ಅವನು ತನ್ನ ಕೈಯಾರೆ ಹಸಿರು ಬಾವುಟ ಬೀಸಿದ.

ಬಂದವರು ಮೇಡಂ ಮೇಲೆ ಹರಿಹಾಯ್ದರು, ಅವನು ಬಯಸಿದ್ದ ಹಾಗೆಯೇ. ಕೊನೆಗೆ ಬಂದ ತಂಗಿ ಏದುಸಿರು ಬಿಡುತ್ತಲೇ ಕೂಗಾಡಿದಳು. “ಶನಿವಾರ ಸಂಜೆ ಕಾಗದ ಬಂತು. ಇವತ್ತು ಹತ್ತು ಗಂಟೆಗೆ ಹೋಗಿಲ್ಲಾಂದ್ರೆ ಕೆಲಸ ಬೇರೆಯವರಿಗೆ ಕೊಡ್ತಾರಂತೆ. ಅಣ್ಣಂಗೆ ಇಲ್ಲೇ ಹೇಳಿ ಖುಷಿಪಡಿಸೋಣ ಅಂತ ಸುಮ್ಮನಿದ್ದೆ. ನಮ್ಮಣ್ಣ ಇಷ್ಟು ವರ್ಷ ಯಾರಿಗೂ ರೈಲು ತಪ್ಪಿಸಿರ್ಲಿಲ್ಲ. ನೀವು ಬಂದಿರಿ, ತಪ್ಪಿಸಿದಿರಿ!”

ಮೇಡಂ ಒಂದೇ ಸಲ ಗಂಟೆಯಣ್ಣನ ಮುಖ ನೋಡಿದರು. ಆ ನೋಟಕ್ಕೆ ಅವನು ಕುಗ್ಗಿಹೋದ. ಅವರು ಒಳಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿದ ಮೇಲೆ ಅತ್ತಲಿಂದ ಒಪ್ಪಿಗೆ ಬಂತು: ಮಧ್ಯಾಹ್ನದ ರೈಲಿಗೆ ಬರಲಿ, ಆದರೆ ತಡವಾದ ಕಾರಣ ತಿಳಿಸಿ ನಿಲ್ದಾಣದ ಪತ್ರ ತರಲಿ.

ಮೇಡಂ ಬರೆಯತೊಡಗಿದರು. ಗಂಟೆಯಣ್ಣ ಬಾಗಿಲಲ್ಲಿ ನಿಂತೇ ಓದಿದ. ಗಂಟೆಯ ಸಮಯ ಬದಲಾಗಿದ್ದನ್ನು ಸ್ಟೇಷನ್ ಮಾಸ್ಟರ್ ಆದ ನಾನು ಊರಿಗೆ ತಿಳಿಸಿರಲಿಲ್ಲ, ತಪ್ಪು ನನ್ನದು, ಎಂದಿತ್ತು.

“ಅದನ್ನ ಹರಿದುಹಾಕಿ, ಮೇಡಂ.”

“ಸುಮ್ಮನಿರಿ. ನಿವೃತ್ತಿಗೆ ಎಂಟು ತಿಂಗಳಿದೆ ನಿಮಗೆ.”

“ಇರಲಿ. ನನ್ನ ಹೆಸರೇ ಬರೀರಿ.” ಅವನು ತಂಗಿಯತ್ತ ತಿರುಗಿದ. “ಎಲ್ಲರಿಗೂ ಹೇಳಿ ಅಂದಿದ್ರು ಕಣೇ. ನಾನೇ ಹೇಳಲಿಲ್ಲ. ಬೇಕು ಅಂತಲೇ.”

ಹೊರಗೆ ಗದ್ದಲ ಮಾಡುತ್ತಿದ್ದವರು ಅವನತ್ತ ತಿರುಗಿದರು.

“ನನಗೂನಾ, ಅಣ್ಣಾ?” ಎಂದಳು ತಂಗಿ.

ಮೇಡಂ ಗಂಟೆಯಣ್ಣನ ಹೆಸರಿಟ್ಟು ಪತ್ರವನ್ನು ಮತ್ತೆ ಬರೆದುಕೊಟ್ಟರು. ಅವಳು ಹೊಸ ಪತ್ರವನ್ನು ಚೀಲದಲ್ಲಿಟ್ಟುಕೊಂಡು, ಮಧ್ಯಾಹ್ನದ ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನ ಆ ತುದಿಯ ಬೆಂಚಿಗೆ ಹೋಗಿ ಕುಳಿತಳು.

ಗಂಟೆಯಣ್ಣ ಎರಡು ಗಂಟೆಯ ರಜೆ ಕೇಳಿಕೊಂಡು ಊರಿಗೆ ನಡೆದ. ಮೊದಲ ಬೀದಿಯಿಂದಲೇ ಶುರುಮಾಡಿದ. ಒಂದೊಂದು ಬಾಗಿಲು ತಟ್ಟಿ, “ಇನ್ಮೇಲೆ ಗಂಟೆ ತಡವಾಗಿ ಹೊಡೀತೀನಿ, ಗಂಟೆಗೆ ಕಾಯದೆ ಮೊದಲೇ ಹೊರಡಿ. ಮುಂಚೆನೇ ಹೇಳಬೇಕಿತ್ತು, ನಂದೇ ತಪ್ಪು,” ಎಂದ. ಕೆಲವರು ಬೈದರು. ಒಬ್ಬ ಮುದುಕಿ ನೀರು ಕೊಟ್ಟಳು.

ಕೊನೆಯ ಬೀದಿಯ ಕೊನೆಯ ಮನೆ ತಂಗಿಯದು. ಬೀಗ ಹಾಕಿತ್ತು. ಗಂಟೆಯಣ್ಣ ಮೆಟ್ಟಿಲು ಹತ್ತಿ, ಉಳಿದ ಮನೆಗಳಲ್ಲಿ ತಟ್ಟಿದ ಹಾಗೆಯೇ ಆ ಬಾಗಿಲನ್ನೂ ಮೆಲ್ಲಗೆ ತಟ್ಟಿದ. ಸ್ವಲ್ಪ ಹೊತ್ತು ಕಾದು, ಹೇಳಬೇಕಾದ್ದನ್ನೆಲ್ಲ ಬಾಗಿಲಿಗೇ ಹೇಳಿದ.