ಕೋಲಿಗೆ ಬೆನ್ನು ಹಾಕಿದ ಸಾರಂಗ

ಭಾನುವಾರ ಊರಿನ ಬಂದೂಕುಗಾರರ ಸಂಘದ ಹೊಸ ಬಾವುಟಕ್ಕೆ ಪಾದ್ರಿಗಳ ಆಶೀರ್ವಾದ. ಅದನ್ನು ಕಸೂತಿ ಹಾಕಿದವಳು ರೋಸ್ವಿತಾ. ಗುರುವಾರ ಮಧ್ಯಾಹ್ನ ಅವಳ ಅತ್ತಿಗೆ ಆಗ್ನೆಸ್ ಬಂದು, ಬಾವುಟ ನೋಡಿದವಳೇ ಕೈಯಲ್ಲಿದ್ದ ಕಾಫಿ ಕೆಳಗಿಟ್ಟಳು.

"ಅಲ್ಲ ಕಣೇ, ಸಾರಂಗ ಯಾಕೆ ಓಡಿಹೋಗ್ತಿದೆ?"

"ಓಡ್ತಿಲ್ಲ ಅತ್ತಿಗೆ, ನಡೀತಿದೆ."

"ಎಲ್ಲಿಗೆ? ಕೋಲು ಈ ಕಡೆ, ಮುಖ ಆ ಕಡೆ! ಮೆರವಣಿಗೆ ಮುಂದಕ್ಕೆ ಹೋದ್ರೆ ಇದು ಹಿಂದಕ್ಕೆ ಹೋಗುತ್ತೆ. ಹೊಳೆ ಆಚೆ ದಡದ ಊರಿನವರು ನೋಡಿದ್ರೆ ಮುಗೀತು."

ನಿಜವೇ. ಹಿರ್ಷ್‌ಫುರ್ಟ್ ನಗರದ ಲಾಂಛನವೆಂದರೆ ನೀಲಿ ಹೊಳೆ, ಅದಕ್ಕೆ ಕಾಲಿಟ್ಟ ಬಂಗಾರದ ಸಾರಂಗ. ಸೇತುವೆ ಕೊಚ್ಚಿಹೋದ ವರ್ಷ ಸಾರಂಗವೊಂದು ದಾಟಿದ ಕಡೆಯಲ್ಲೇ ಜನ ದಾಟಿ ಬದುಕಿಕೊಂಡರು ಎಂದು ಹಿರಿಯರು ಹೇಳುತ್ತಾರೆ. ಹಿಂದೆ ಊರನ್ನಾಳಿದ ಮನೆತನದ ಮುದ್ರೆಯಲ್ಲಿ ಸಾರಂಗದ ಕೊಂಬಿತ್ತು, ಅಷ್ಟೇ, ಎನ್ನುತ್ತಾರೆ ಶಾಲೆಯ ಮೇಷ್ಟ್ರು. ಯಾವುದೇ ಇರಲಿ, ಅದು ಹೊಳೆಗೆ ಹೆದರದ ಪ್ರಾಣಿ. ಬಾವುಟದಲ್ಲಿ ಅದರ ಮುಖ ಕೋಲಿನ ಕಡೆಗೇ ಇರಬೇಕು.

ರೋಸ್ವಿತಾ ಮಾದರಿ ತೆಗೆದುಕೊಂಡದ್ದು ಚರ್ಚಿನ ಉತ್ತರದ ಗೋಡೆಯ ಕಲ್ಲಿನಿಂದ. ಅಲ್ಲಿ ದೇವಪೀಠಕ್ಕೆ ಬೆನ್ನು ಹಾಕಬಾರದೆಂದು ಸಾರಂಗವನ್ನು ತಿರುಗಿಸಿ ಕೆತ್ತಿದ್ದಾರೆ. ಚಿಕ್ಕಂದಿನಿಂದ ಅದರ ಕೆಳಗೆ ಮೊಣಕಾಲೂರಿದವಳಿಗೆ ಅದೇ ಸರಿಯಾದ ಸಾರಂಗ.

ಬಿಚ್ಚಿದರೆ ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಹಾಗೇ ಬಿಟ್ಟರೆ ಊರೇ ನಗೆಪಾಟಲು, ಇನ್ನು ಯಾರೂ ಅವಳ ಕೈಗೆ ಬಾವುಟ ಕೊಡುವುದಿಲ್ಲ. ಅವಳು ಬಾವುಟ ಮಗುಚಿದಳು. ಹಿಂಬದಿಯಲ್ಲಿ ಬಂದೂಕುಗಾರರನ್ನು ಕಾಯುವ ಸಂತ ಸೆಬಾಸ್ಟಿಯನ್ ನೆಟ್ಟಗೆ ನಿಂತಿದ್ದ, ಮುಖ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅವನನ್ನೇ ನೋಡುತ್ತ ಕೂತಳು. ಕೋಲು ಎಡಕ್ಕೆ ಬರುವ ಬದಿಯೇ ಬಾವುಟದ ಮುಂಭಾಗ; ಕೋಲನ್ನು ಎದುರಿನ ಅಂಚಿಗೆ ಸಾಗಿಸಿದರೆ ಇವನೇ ಮುಂದೆ, ಹಿಂಬದಿಗೆ ಹೋದ ಸಾರಂಗದ ಮುಖವೂ ಕೋಲಿನ ಕಡೆಗೆ. ಆಮೇಲೆ ಕತ್ತರಿ ತೆಗೆದು, ಕೋಲು ತೂರಿಸುವ ಪಟ್ಟಿಯನ್ನು ಬಿಚ್ಚಿ ಎದುರಿನ ಅಂಚಿಗೆ ಹೊಲಿಯತೊಡಗಿದಳು.

ಶನಿವಾರ ಸಂಘದ ಅಧ್ಯಕ್ಷ ಏವಾಲ್ಡ್ ಬಂದ.

"ಏನ್ರೀ ಇದು? ಸಂತ ಮುಂದೆ, ಊರು ಹಿಂದೆ?"

"ತಪ್ಪು ನಂದೇ. ಚರ್ಚಿನ ಕಲ್ಲು ನೋಡಿ ಹಾಕಿಬಿಟ್ಟೆ. ಹಿಂಬದಿಗಾದ್ರೆ ಈ ಮುಖ ಸರಿಹೋಗುತ್ತೆ."

"ಮೇಯರ್‌ಗೆ ಏನಂತ ಹೇಳ್ಲಿ?"

"ಅವರಿಗೆ ಎಡ ಬಲ ಗೊತ್ತಾದ್ರೆ ತಾನೇ!" ಎಂದಳು ಪಕ್ಕದಲ್ಲೇ ಕೂತಿದ್ದ ಆಗ್ನೆಸ್.

ಏವಾಲ್ಡ್ ನಗಲಿಲ್ಲ. ಕೋಲು ತೂರಿಸಿ ಅಂಗಳದಲ್ಲಿ ಒಂದು ಸುತ್ತು ನಡೆದ. ಸಾರಂಗ ಅವನ ಜೊತೆಗೇ ಮುಂದಕ್ಕೆ ನಡೆಯಿತು. "ಸಂತನ ಹಿಂದೆ ನಿಂತರೆ ಊರಿಗೇನೂ ಅವಮಾನ ಇಲ್ಲ ಬಿಡಿ," ಎಂದು ಬಾವುಟ ಸುತ್ತಿಕೊಂಡು ಹೋದ.

ಭಾನುವಾರ ಮೆರವಣಿಗೆಯಲ್ಲಿ ಆಚೆ ದಡದವನೊಬ್ಬ ಕತ್ತು ಚಾಚಿ ಕೇಳಿದ, "ಇದರ ಮುಂಭಾಗ ಯಾವುದ್ರೀ?"

"ನೀವು ಯಾವ ಕಡೆ ನಿಂತಿದ್ದೀರೋ ಅದೇ," ಎಂದಳು ಆಗ್ನೆಸ್.

ರೋಸ್ವಿತಾ ಆಗಲೇ ಮೆರವಣಿಗೆಯ ಹಾಡಿಗೆ ದನಿಗೂಡಿಸಿದ್ದಳು.